ಆಂಜಿನಪ್ಪನ ಎರಡನೇ ವಿಷಲ್

ಬೆಳಗಿನ ಐದೂಕಾಲು. ಕೋರಮಂಡಲ್ ಸ್ಟೇಷನ್ನಿನಿಂದ ಎರಡು ಮೈಲಿ ಆಚೆಯ ಹಳ್ಳಿ. ನೀರುಗಂಟಿ ಆಂಜಿನಪ್ಪ ಬೀದಿ ಕೊನೆಯ ಗುಂಡಿಗೆ ಕೈಯಿಳಿಸಿ ವಾಲ್ವ್ ತಿರುಗಿಸುತ್ತಾರೆ, ಕೊರಳಿನ ವಿಷಲ್ ಊದುತ್ತಾರೆ. ನೀರು ಬಂತು ಎಂದರ್ಥ. ನಾಲ್ಕು ದಿನಕ್ಕೊಮ್ಮೆ ಬರುವ ನೀರು. ಅದು ಬಂದರೆ ಬೀದಿಗೆ ಬೇರೇನೂ ಕಾಣಿಸದು. ಮನೆಮನೆಯಲ್ಲೂ ನೆಲದೊಳಗಿನ ಸಂಪಿನ ಮುಚ್ಚಳ ಸರಿಸಿ, ನಲ್ಲಿಯ ಪೈಪು ಇಳಿಬಿಟ್ಟು, ಜನ ತಮ್ಮ ಪಾಡಿಗೆ ಕೆಲಸಕ್ಕೆ ತೊಡಗುತ್ತಾರೆ.

ಗಂಟೆಯ ಬಳಿಕ ನೀರು ನಿಲ್ಲಿಸಿ ಎರಡನೇ ವಿಷಲ್. ಸಂಪು ಮುಚ್ಚಿ ಎಂದರ್ಥ. ಇದನ್ನು ಪಂಚಾಯಿತಿ ಹೇಳಿಲ್ಲ, ಸಂಬಳಕ್ಕೂ ಸೇರಿಲ್ಲ. ಐವತ್ತೆಂಟರ ಆಂಜಿನಪ್ಪ ಒಂದೊಂದೇ ಮನೆಯ ಸಂಪು ನೋಡುತ್ತಾ ನಡೆಯುತ್ತಾರೆ. ತೆರೆದಿದ್ದರೆ ಪೈಪು ಎಳೆದು ಹಾಕಿ, ಬಗ್ಗಿ ಮುಚ್ಚಳ ಮುಚ್ಚುತ್ತಾರೆ.

“ಬುಡಣ್ಣ, ಪಾತ್ರೆ ತೊಳ್ಕೊಂಡು ಆಮ್ಯಾಕೆ ಮುಚ್ತೀನಿ,” ಎನ್ನುತ್ತಾರೆ ಚಿಕ್ಕವೆಂಕಟಮ್ಮ.

“ಮೊಮ್ಮಗ ಅಂಬೆಗಾಲು ಇಕ್ತಾವ್ನೆ. ಅವನಿಗೆ ಆಮ್ಯಾಕೆ ಅಂದ್ರೆ ಗೊತ್ತೇನಮ್ಮ?”

ಆಕೆ ಗೊಣಗುತ್ತಲೇ ಎದ್ದು ಬಂದು ಮುಚ್ಚಳಕ್ಕೆ ಕೈಹಾಕುತ್ತಾರೆ.

ಆರು ವರ್ಷದ ಹಿಂದಿನವರೆಗೆ ಆಂಜಿನಪ್ಪನವರಿಗೂ ಒಂದೇ ವಿಷಲ್ ಸಾಕಾಗಿತ್ತು. ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುವ ಮಗಳು ಪುಷ್ಪ ಒಂದು ಬೆಳಿಗ್ಗೆ ಪೈಪನ್ನು ಸಂಪಿಗೆ ಬಿಟ್ಟು ರೈಲಿಗೆ ಓಡಿದರು. ಹೆಂಡತಿ ಮುನಿನಾರಾಯಣಮ್ಮ ಹಿತ್ತಿಲಲ್ಲಿ ಹಾಲು ಕರೆಯುತ್ತಿದ್ದರು. ಅಮ್ಮ ಮುಚ್ಚುತ್ತಾರೆ ಎಂದು ಮಗಳು, ಮಗಳು ಮುಚ್ಚಿರುತ್ತಾಳೆ ಎಂದು ಅಮ್ಮ. ಕಾಫಿಗೆಂದು ಮನೆಗೆ ಬಂದ ಆಂಜಿನಪ್ಪನವರಿಗೆ ಕಂಡದ್ದು ನೀರ ಮೇಲೆ ತೇಲುತ್ತಿದ್ದ ಕೆಂಪು ಫ್ರಾಕು. ಒಂದೂವರೆ ವರ್ಷದ ಮೊಮ್ಮಗಳು ಅರ್ಚನ.

ಯಾರದೋ ಆಟೋದಲ್ಲಿ ಬಂಗಾರಪೇಟೆಯ ಆಸ್ಪತ್ರೆಗೆ. ಮಗು ಮೂರನೇ ದಿನ ಕಣ್ಣು ಬಿಟ್ಟು ಬನ್ನು ಕೇಳಿತು. ಅದನ್ನು ನನಗೆ ಹೇಳುವಾಗ ಆಂಜಿನಪ್ಪ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾರೆ.

“ಊರೆಲ್ಲ ಪುಷ್ಪನ್ನೇ ಬೈದ್ರು ಸಾ. ಇವಳೂ ಒಬ್ಬ ತಾಯಾ ಅಂತ. ಆ ನೀರು ಬುಟ್ಟೋನು ನಾನು. ಮಗಿಗೆ ತಾತ ನಾನು. ನನ್ನ ಒಬ್ರೂ ಕೇಳ್ಲಿಲ್ಲ.”

ಯಾರೂ ಕೇಳದ್ದಕ್ಕೆ ಅವರು ಆರು ವರ್ಷದಿಂದ ಹೀಗೆ ಉತ್ತರ ಕೊಡುತ್ತಿದ್ದಾರೆ. ಮೊದಮೊದಲು ಬೀದಿಗೆ ಇಪ್ಪತ್ತು ಮುಚ್ಚಳ ಮುಚ್ಚಿದ್ದುಂಟು. ನಮ್ಮ ಮಕ್ಕಳನ್ನು ನೋಡಿಕೊಳ್ಳಲು ನಮಗೆ ಬರದೇ ಎಂದು ಜಗಳಕ್ಕೆ ಬಂದವರೂ ಇದ್ದರು. ಮುಚ್ಚಳದಲ್ಲೇ ಪೈಪು ತೂರುವಷ್ಟು ತೂತು ಕೊರೆಸಿದರೆ ಅದನ್ನು ತೆಗೆಯುವ ಗೊಡವೆಯೇ ಇಲ್ಲ ಎಂದು ಮನೆಮನೆಗೆ ಹೋಗಿ ಬೇಡಿಕೊಂಡರು. ಮೂವತ್ತೊಂದು ಮನೆಯವರು ಕೊರೆಸಿದ್ದಾರೆ. ಉಳಿದವರು ನಾಳೆ ನಾಳೆ ಎನ್ನುತ್ತಿದ್ದಾರೆ. ಈಗ ತೆರೆದ ಸಂಪು ಬೀದಿಗೆ ನಾಲ್ಕೋ ಐದೋ ಸಿಗುತ್ತವೆ, ಇವತ್ತು ಮೂರು.

“ಒಂದಿನಾನಾದ್ರೂ ಸೊಂಟ ಬಗ್ಗಿಸ್ದೆ ಮನೆಗೋಗ್ಬೇಕು ಸಾ. ಇನ್ನೇನೂ ಬ್ಯಾಡ.”

ಬೀದಿಯ ಕೊನೆಗೆ ಅವರದೇ ಮನೆ. ಸಂಪಿನ ತಗಡಿನ ಮುಚ್ಚಳಕ್ಕೆ ತೂತೂ ಇದೆ, ಬೀಗವೂ ಇದೆ. ಆದರೂ ಆಂಜಿನಪ್ಪ ಬಗ್ಗಿ ಬೀಗವನ್ನು ಎರಡು ಸಲ ಜಗ್ಗುತ್ತಾರೆ. ಸ್ಕೂಲ್ ಬ್ಯಾಗು ಹಾಕಿಕೊಂಡು ಹೊಸಿಲಲ್ಲಿ ನಿಂತ ಅರ್ಚನ ನಗುತ್ತಾಳೆ.

“ಬೀಗ ಆಕೈತಲ್ಲ ತಾತ, ದಿನಾ ಯಾಕೆ ನೋಡ್ತೀಯ?”

“ಗೊತ್ತು ಕಣಮ್ಮ,” ಎನ್ನುತ್ತಾರೆ ಅವರು, ಇನ್ನೂ ಬಗ್ಗಿಯೇ. “ಬ್ಯಾರೆ ಮನೇಲೆಲ್ಲ ಬಗ್ಗೋದು ತಪ್ಪಿದ್ರೂ ಇದೊಂದುಕ್ಕೆ ಬಗ್ತೀನಿ, ಬುಡು.”