ಬುತ್ತಿ ಗಂಟು ಹೊತ್ತು ಬಂದವನು

ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷ. ಮೇಜಿನ ಗಡಿಯಾರಕ್ಕೆ ಆಗಷ್ಟೇ ಕೀಲಿ ಕೊಟ್ಟಿದ್ದೆ, ಹಾಗಾಗಿ ಹೊತ್ತು ಮಾತ್ರ ಖಚಿತವಾಗಿ ನೆನಪಿದೆ. ಉಳಿದದ್ದನ್ನು ಎಷ್ಟು ಸಲ ನೆನೆದುಕೊಂಡಿದ್ದೇನೆಂದರೆ, ಯಾವುದು ನಡೆದದ್ದು, ಯಾವುದು ನಾನು ಆಮೇಲೆ ಸೇರಿಸಿಕೊಂಡದ್ದು ಎಂದು ಈಗ ಬಿಡಿಸಿ ಹೇಳಲು ಬರುವುದಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಧಾರವಾಡದಲ್ಲಿ ಬಿ.ಎ. ಮುಗಿಸಿ, ಕಚೇರಿಯಲ್ಲಿ ನೌಕರಿಯಲ್ಲಿದ್ದವರನ್ನು ಮದುವೆಯಾಗಿ, ಗೋಕಾಕದ ಆ ಓಣಿಗೆ ಬಂದು ನನಗೆ ಐದು ತಿಂಗಳಾಗಿತ್ತು. ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು, ಓಣಿಗೆಲ್ಲ ಆಯಿ. ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಹೊರಗೆ ಹೋಗುವಾಗ ಆಯಿ ಬಾಗಿಲಿಗೆ ಕೀಲಿ ಹಾಕಿ, ಕೀಲಿಕೈಯನ್ನು ನಮ್ಮ ಪಡಸಾಲೆಯ ಗೋಡೆಯಲ್ಲಿ ದೀಪವಿಡುವ ಮಾಡದಲ್ಲಿ ಇಟ್ಟು ಹೋಗುತ್ತಿದ್ದಳು. ಆ ಓಣಿಯಲ್ಲಿ ಪ್ರತಿಯೊಬ್ಬರ ಕೀಲಿಕೈಯೂ ಇನ್ನೊಬ್ಬರ ಮನೆಯಲ್ಲೇ ಇರುತ್ತಿತ್ತು. ಕಳವು ಎಂಬುದು ದೊಡ್ಡ ಊರುಗಳ ಸುದ್ದಿ.

ಅಂದು ಆಯಿ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳು. ನಮ್ಮ ಬಾಗಿಲಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಬಂದು ನಿಂತ. ಹೆಗಲ ಮೇಲೆ ಬಿಳಿ ಬಟ್ಟೆಯ ಬುತ್ತಿ ಗಂಟು.

“ಆಯಿ ಇಲ್ಲೇನ್ರಿ ಅಕ್ಕಾರ?”

ಆಯಿಯ ಒಬ್ಬಳೇ ಮಗಳನ್ನು ಕುಲಗೋಡಕ್ಕೆ ಕೊಟ್ಟಿತ್ತು. ನಮ್ಮ ಕಡೆ ಬೀಗರ ಊರಿಂದ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ರೊಟ್ಟಿ, ಚಟ್ನಿ ಕಟ್ಟಿಕೊಂಡೇ ಬರುತ್ತಾರೆ. ಗಂಟು ಕಂಡ ಕೂಡಲೇ ನಾನೇ ಕೇಳಿದೆ: “ಕುಲಗೋಡದಿಂದ ಬಂದೀರೇನ್ರಿ? ಆಯಿ ಅಳಿಯಂದ್ರೇನ್ರಿ ನೀವು?”

ಆತ ಒಂದು ಕ್ಷಣ ನನ್ನ ಮುಖ ನೋಡಿದ. “ಹೌದ್ರಿ,” ಎಂದ.

ಆ ಒಂದು ಕ್ಷಣವನ್ನು ನಾನು ಇವತ್ತಿಗೂ ಹಿಡಿದು ನಿಲ್ಲಿಸಲು ನೋಡುತ್ತೇನೆ. ಊರು ನಾನು ಹೇಳಿದೆ, ನಂಟು ನಾನು ಹೇಳಿದೆ. ಅವನು ಹೌದು ಎಂದ, ಅಷ್ಟೆ. ನೀರು ಬೆಲ್ಲ ಕೊಟ್ಟೆ. ಬಿಸಿಲಲ್ಲಿ ಯಾಕೆ ಕೂರಬೇಕೆಂದು ಆಯಿಯ ಬಾಗಿಲನ್ನೂ ತೆಗೆದುಕೊಟ್ಟೆ. ಚಹಾ ಮಾಡಿ ತರುತ್ತೇನೆಂದು ಒಳಗೆ ಬಂದೆ.

ಚಹಾದ ಕಪ್ಪು-ಬಶಿ ಹಿಡಿದು ಹೋಗುವಷ್ಟರಲ್ಲಿ ಆಯಿ ಮರಳಿದ್ದಳು. ಹಿಟ್ಟಿನ ಡಬ್ಬಿ ನೆಲಕ್ಕೆ ಉರುಳಿತ್ತು. ಅವನ ಕೈಯಲ್ಲಿ ಕುಡಗೋಲು, ಅದರ ತುದಿ ಆಯಿಯ ಕುತ್ತಿಗೆಯ ಹತ್ತಿರ. ಇನ್ನೊಂದು ಕೈಯಿಂದ ಅವಳ ತವರಿನ ಬೋರಮಾಳ ಸರವನ್ನು ಜಗ್ಗುತ್ತಿದ್ದ. ಸರ ಹರಿಯಿತು, ಅವನು ನನ್ನನ್ನು ಸವರಿಕೊಂಡೇ ಓಡಿದ. ಓಣಿಯವರು ಬಂದಾಗಲೂ ನಾನು ಕಪ್ಪು-ಬಶಿ ಹಿಡಿದೇ ನಿಂತಿದ್ದೆನಂತೆ. ಒಂದು ಹನಿಯೂ ಚೆಲ್ಲಿರಲಿಲ್ಲ.

ಆಯಿಯ ಕುತ್ತಿಗೆಯ ಮೇಲೆ ಒಂದು ಗೀರು ಬಿದ್ದಿತ್ತು. ಅದಕ್ಕೆ ಅರಿಶಿನ ಮೆತ್ತಿಕೊಂಡು, ಚೆಲ್ಲಿದ ಹಿಟ್ಟನ್ನು ಬಳಿಯುತ್ತ ಕುಳಿತಳು.

ಹವಾಲ್ದಾರರು ಬಂದು, ಅವನು ಬಿಟ್ಟುಹೋದ ಗಂಟು ಬಿಚ್ಚಿಸಿದರು. ಒಳಗೆ ಒಣಗಿದ ರೊಟ್ಟಿ. ಅದನ್ನೇ ಪುರಾವೆಯಾಗಿ ‘ಮುದ್ದೇಮಾಲು’ ಎಂದು ಬರೆದುಕೊಂಡರು. ಮುಖ ಹೇಗಿತ್ತು ಎಂದು ಕೇಳಿದಾಗ ನನಗೆ ಹೇಳಲು ಬಂದದ್ದು ಗಂಟು ಹೇಗೆ ಕಟ್ಟಿತ್ತು ಎಂಬುದೊಂದೇ. ಎದುರು ಮನೆಯಾಕೆ ನನಗೆ ಕೇಳಿಸುವ ಹಾಗೆಯೇ ಅಂದಳು: “ಕಾಲೇಜ ಕಲತಾಕಿ ನೋಡವಾ, ಕಳ್ಳಗ ಚಾ ಸೈತ ಮಾಡಿದ್ಲು. ಸಕ್ಕರಿ ಎಷ್ಟ ಹಾಕಿದ್ಲು ಕೇಳ್ರಿ ಹವಾಲ್ದಾರ್ರ!”

ಆಯಿ ತಲೆ ಎತ್ತದೆಯೇ ಉತ್ತರಿಸಿದಳು: “ನಿಮ್ಮ ಮನಿಯಾಗ ಬೀಗರಿಗೂ ಚಾ ಸಿಗೂದಿಲ್ಲ ಬಿಡ.”

ವಾರದೊಳಗೆ ಓಣಿ ಬದಲಾಯಿತು. ಕೀಲಿಕೈಗಳು ಅವರವರ ಸೆರಗಿನ ತುದಿ ಸೇರಿದವು. ಹಗಲಲ್ಲೂ ಚಿಲಕ. ಸಂಕೇಶ್ವರದಿಂದ ದೊಡ್ಡ ಹಿತ್ತಾಳೆ ಕೀಲಿ ತರಿಸಿದವರೂ ಇದ್ದರು. ನಮ್ಮ ಮಾಡ ಖಾಲಿಯಾಯಿತು. ಆಯಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುವಾಗ ನನ್ನ ಕಡೆ ನೋಡುತ್ತಿರಲಿಲ್ಲ. ಅದು ಸಿಟ್ಟೋ ಸಂಕೋಚವೋ, ಕೇಳಲು ಧೈರ್ಯವಾಗಲಿಲ್ಲ. ರಾತ್ರಿ ಎರಡು ಮೂರು ಸಲ ಎದ್ದು ಚಿಲಕ ಮುಟ್ಟಿ ನೋಡುತ್ತಿದ್ದೆ. ಆ ಸಪ್ಪಳಕ್ಕೆ ಗೋಡೆಯಾಚೆ ಆಯಿ ಕೆಮ್ಮುತ್ತಿದ್ದಳು. ಅವಳಿಗೂ ನಿದ್ದೆಯಿಲ್ಲವೆಂದು ಹಾಗೆ ತಿಳಿಯಿತು.

ಆಯಿಯನ್ನು ಮಗಳು ಕುಲಗೋಡಕ್ಕೇ ಕರೆಸಿಕೊಂಡು, ಇಲ್ಲಿನ ಮನೆ ಬಿಡಿಸುತ್ತಾಳೆಂದು ಎದುರು ಮನೆಯಾಕೆಯೇ ಸುದ್ದಿ ತಂದಳು. ನನ್ನಿಂದ ಅವಳು ಓಣಿ ಬಿಡುವ ಹಾಗಾಯಿತಲ್ಲ ಎಂಬುದು ಎದೆಯಲ್ಲಿ ಕೂತುಬಿಟ್ಟಿತು.

ಒಂದೂವರೆ ತಿಂಗಳಾಗಿರಬೇಕು. ಆಯಿ ಸಂತೆಗೆ ಹೋಗಿದ್ದಳು. ಯಾರೋ ಬಾಗಿಲು ಬಡಿದರು. ಕಿಟಕಿಯಿಂದ ನೋಡಿದರೆ ಹೆಗಲ ಮೇಲೆ ಬಿಳಿ ಗಂಟು.

“ಆಯಿ ಎಲ್ಲಿ ಹೋಗ್ಯಾರ್ರಿ? ನಾ ಕುಲಗೋಡದಾವ್ರಿ, ಅಳಿಯಾ.”

ಕಿಟಕಿ ಮುಚ್ಚಿದೆ. ಬಾಗಿಲಿಗೆ ಅಗಳಿ ಹಾಕಿ, ಜೋಳದ ಚೀಲ ಎಳೆದು ಒತ್ತಿಟ್ಟು, ಅದರ ಮೇಲೆ ಕುಳಿತೆ. “ಒಂದ ತಂಬಿಗಿ ನೀರಾರ ಕೊಡ್ರಿ,” ಎಂದು ಒಮ್ಮೆ ಕೇಳಿಸಿತು. ಚೀಲದ ಮೇಲಿಂದ ಏಳಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಆಯಿಯ ಧ್ವನಿ. “ಅಯ್ಯ ಶಿವನ, ಬಿಸಲಾಗ ಕುಂತಾನಲ್ಲ! ಯವ್ವಾ, ಬಾಗಲಾ ತಗೀ. ಇವ ಖರೇನ ನಮ್ಮ ಅಳಿಯಾ ಅದಾನ.”

ತೆಗೆದೆ. ಬಿಸಿಲಿಗೆ ಅವರ ಮುಖ ಕೆಂಪಾಗಿತ್ತು. ನಾನು ಅಳತೊಡಗಿದೆ. ಆಯಿ ನನ್ನನ್ನು ನೋಡಿದಳು, ಬಾಗಿಲ ಹಿಂದಿನ ಚೀಲ ನೋಡಿದಳು, ನಕ್ಕಳು. ಆ ಮಧ್ಯಾಹ್ನದ ನಂತರ ಅವಳು ನಕ್ಕದ್ದು ನಾನು ಕಂಡಿರಲಿಲ್ಲ. “ಕಳ್ಳಗ ಚಾ, ಅಳಿಯಾಗ ಅಗಳಿ. ಚಲೋ ಆತ ಬಿಡು,” ಎಂದು ಕಣ್ಣೊರೆಸಿಕೊಂಡಳು.

ನೀರು ಕುಡಿದು ಅಳಿಯ ಬಂದ ಕೆಲಸ ಹೇಳಿದರು. “ಅತ್ತಿ, ನಡೀರಿ ನಮ್ಮ ಜೋಡಿ. ಈ ಓಣಿ ಕೆಟ್ಟೈತಿ.”

“ನಾ ಬಂದ್ರ ಈಕಿ ಯಾರಿಗೂ ಬಾಗಲಾ ತಗಿಯಾಂಗಿಲ್ಲ ನೋಡಪಾ,” ಎಂದಳು ಆಯಿ. “ಚೀಲದ ಮ್ಯಾಲ ಕುಂತ ಮುದಿಕಿ ಆಗ್ತಾಳ. ಹಬ್ಬಕ್ಕ ಬರ್ತೇನಿ. ಈಗ ಒಲ್ಲೆ.”

ಸಂಜೆ ಅವರನ್ನು ಬಸ್ಸು ಹತ್ತಿಸಲು ಹೊರಟ ಆಯಿ ನಮ್ಮ ಪಡಸಾಲೆಗೆ ಬಂದು, ಸೊಂಟದಿಂದ ಕೀಲಿಕೈ ತೆಗೆದು ಮಾಡದಲ್ಲಿಟ್ಟಳು.

“ಬ್ಯಾಡ ಆಯೀ. ಮತ್ತ ನಾ ಯಾರಿಗರ ತಗದ ಕೊಟ್ಟರ?”

“ಊರ ಯಾವದ ಅಂತ ಮದ್ಲ ಅವರ ಬಾಯಿಂದ ಕೇಳು. ನೀನ ಹೇಳಬ್ಯಾಡ,” ಎಂದಳು. ಬಾಗಿಲ ಹತ್ತಿರ ಹೋಗಿ ಮತ್ತೆ ತಿರುಗಿದಳು. “ನೀರ ಮಾತ್ರ ಕೊಡು.”

ಸರ ಸಿಗಲಿಲ್ಲ, ಅವನೂ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಹೊಳೆಗೆ ಹೋಗಿ ಬಂದ ನಮ್ಮ ಮನೆಯವರು ನನ್ನನ್ನು ಎಬ್ಬಿಸಿದಾಗ ಬಿಸಿಲು ಪಡಸಾಲೆಗೆ ಬಂದಿತ್ತು. ನಮ್ಮದೂ ಆಯಿಯದೂ ಎರಡೂ ಬಾಗಿಲು ಬಡಿದರೂ ಯಾರೂ ಏಳಲಿಲ್ಲವೆಂದು ಹಾಲಿನಾಕೆ ದಾರಿಯಲ್ಲಿ ಅವರನ್ನು ಬೈದಳಂತೆ. ಹೊಳೆಗೆ ಹೋಗುವಾಗ ಅವರು ನಮ್ಮ ಬಾಗಿಲನ್ನು ಬರಿದೇ ಎಳೆದುಕೊಂಡು ಹೋಗಿದ್ದರು, ಒಳಗಿನಿಂದ ಚಿಲಕವೂ ಹಾಕಿರಲಿಲ್ಲ. ರಾತ್ರಿ ಒಮ್ಮೆಯೂ ಎದ್ದ ನೆನಪಿಲ್ಲ. ಗೋಡೆಗೆ ಕಿವಿಯಿಟ್ಟೆ. ಆಚೆ ಕೆಮ್ಮು ಕೇಳಿಸಲಿಲ್ಲ. ಆಯಿ ಗೊರಕೆ ಹೊಡೆಯುತ್ತಿದ್ದಳು.