ಬೀಸಬೇಡ ಎಂದ ಕೋಚ್

ನೆಬ್ರಾಸ್ಕದ ನಮ್ಮೂರಿನಲ್ಲಿ ಮಕ್ಕಳ ಬೇಸ್‌ಬಾಲ್ ಕೋಚ್ ಡ್ವೇನ್ ಹ್ರುಸ್ಕಾ ಸೋತದ್ದೇ ಕಡಿಮೆ. ಎಳೆಯ ಹುಡುಗರ ಎಸೆತ ನೆಟ್ಟಗೆ ಬರುವುದಿಲ್ಲ. ನಾಲ್ಕು ಎಸೆತ ದಾರಿ ತಪ್ಪಿದರೆ, ಬ್ಯಾಟು ಹಿಡಿದವನು ಹೊಡೆಯದೆಯೇ ಮೊದಲ ಬೇಸ್‌ಗೆ ನಡೆದುಹೋಗಬಹುದು; ಹೀಗೆ ಒಬ್ಬರ ಹಿಂದೊಬ್ಬರು ನಡೆದು ನಾಲ್ಕೂ ಬೇಸ್ ಸುತ್ತಿ ಬಂದರೆ ರನ್.

"ಬೀಸ್ಬೇಡ್ರೋ! ಕಂಬದ ಥರ ನಿಂತ್ಕೊಳ್ಳಿ, ಸಾಕು!" ಎನ್ನುತ್ತಿದ್ದ ಡ್ವೇನ್.

ಹಾಗೆ ನಿಂತು ನಿಂತೇ ಕಪ್ ಗೆದ್ದರು. ಊರು ಚಪ್ಪಾಳೆ ತಟ್ಟಿತು, ದರಿದ್ರ ಊರು. ಡ್ವೇನ್‌ನ ಮಗ ಕೋಲ್ಟನ್ ಕಲಿತದ್ದೂ ಅಷ್ಟೇ.

ಈ ವಸಂತದಲ್ಲಿ ಕೋಲ್ಟನ್ ಹೈಸ್ಕೂಲ್ ತಂಡದ ಆಯ್ಕೆ ಪಂದ್ಯಕ್ಕೆ ನಿಂತ. ಅಲ್ಲಿ ಚೆಂಡು ನೆಟ್ಟಗೇ ಬಂತು. ಒಂದನ್ನು ಬಿಟ್ಟ, ಎರಡನ್ನು ಬಿಟ್ಟ. ಮೂರನೆಯದನ್ನೂ ಬಿಟ್ಟರೆ ಔಟ್.

ಬೇಲಿಯಾಚೆಯಿಂದ ಡ್ವೇನ್ ಕಿರುಚಿದ: "ಹೊಡಿಯೋ ಮಗನೇ! ಬೀಸೋ!"

ಕೋಲ್ಟನ್ ತಿರುಗಿ ನೋಡಿದ.

"ಹೆಂಗಪ್ಪಾ?"