ಹೆಬ್ಬಾವಿಗೊಂದು ಮುಚ್ಚಳದ ಡಬ್ಬ

ಬಂದರೂರು ಗ್ರಿಮ್ಸ್‌ಬಿಯ ಮೀನು ಕಾರ್ಖಾನೆಯಲ್ಲಿ ಮಾರ್ಲೀನ್ ಕಟ್ಸ್‌ಳಷ್ಟು ಹೇಸಿಗೆ ಪಡುವ ಹೆಂಗಸು ಇನ್ನೊಬ್ಬಳಿರಲಿಲ್ಲ. ಮದುವೆಗೆ ಮುಂಚಿನಿಂದಲೂ ಮೀನಿನ ಹೊಟ್ಟೆ ಸೀಳಿ ಮುಳ್ಳು ಬಿಡಿಸುವುದೇ ಅವಳ ಕೆಲಸ. ಆದರೂ ಜತೆಯವರು ಅದೇ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಬಿಸ್ಕತ್ತು ಎತ್ತಿದರೆ ಅವಳು ತನ್ನ ಚಹಾ ಹಿಡಿದು ಎದ್ದು ಹೋಗುತ್ತಿದ್ದಳು. ಮನೆಗೆ ಬಂದವಳು ಹಿತ್ತಿಲ ಬಾಗಿಲಲ್ಲೇ ಬೂಟು ಕಳಚಿ, ನಿಂಬೆಹೋಳು ಉಜ್ಜಿ ಮೊಣಕೈವರೆಗೆ ತೊಳೆದಲ್ಲದೆ ಕೆಟಲ್ ಮುಟ್ಟುತ್ತಿರಲಿಲ್ಲ. "ನನ್ನ ಹೆಂಡ್ತಿ ಸೋಪಿಗೇ ಸ್ನಾನ ಮಾಡಿಸ್ತಾಳೆ" ಎಂದು ಗಂಡ ಡೆರಿಕ್ ಪಬ್ಬಿನಲ್ಲಿ ಕುಳಿತು ನಗೆಯಾಡುತ್ತಿದ್ದ.

ಅಂಥವಳ ಮನೆಗೆ ಡೆರಿಕ್ ಒಂದು ಹಾವು ತಂದ. ಆಫ್ರಿಕಾದ ಗಿಡ್ಡ ಜಾತಿಯ ಹೆಬ್ಬಾವು, ಹೆಸರು ಡಚೆಸ್. ಗೆಳೆಯನೊಬ್ಬ ಊರು ಬಿಡುವಾಗ ಇವನ ಕೊರಳಿಗೆ ಕಟ್ಟಿ ಹೋಗಿದ್ದ. ಮಾರ್ಲೀನ್ ಮಾತು ಬಿಟ್ಟಳು, ಅಡುಗೆ ಬಿಟ್ಟಳು. ಕೊನೆಗೊಂದು ರಾಜಿಯಾಯಿತು: ಹಾವು ಮಹಡಿಯ ಹಿಂದಿನ ಕೋಣೆಯಲ್ಲಿರಬೇಕು, ಬಾಗಿಲು ಮುಚ್ಚಿರಬೇಕು, ಅವಳು ಅತ್ತ ತಲೆ ಹಾಕುವುದಿಲ್ಲ. ಡೆರಿಕ್ ಅಲ್ಲಿ ದೊಡ್ಡ ಗಾಜಿನ ಪೆಟ್ಟಿಗೆ ಇಟ್ಟು, ಮೇಲೆ ದೀಪ ಉರಿಸಿ, ಪ್ಲಾಸ್ಟಿಕ್ ಬಳ್ಳಿ ಇಳಿಬಿಟ್ಟ. ಬಂದವರನ್ನೆಲ್ಲ ಕರೆದೊಯ್ದು, ಗಾಜು ತಟ್ಟಿ ತೋರಿಸುತ್ತಿದ್ದ. "ಅರಮನೇಲಿ ಇಟ್ಟ ಹಾಗೆ ಇಟ್ಟಿದೀನಿ" ಎನ್ನುವನು.

ಆ ಶರತ್ಕಾಲದಲ್ಲಿ ಸೂರಿನಂಚಿನ ಮಳೆನೀರಿನ ದೋಣಿಯಲ್ಲಿ ಕಟ್ಟಿದ್ದ ಎಲೆ ತೆಗೆಯಲು ಹೋಗಿ ಡೆರಿಕ್ ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಆಸ್ಪತ್ರೆಯ ಮಂಚದ ಮೇಲೆ ಮಲಗಿದವನಿಗೆ ತನ್ನ ಸೊಂಟಕ್ಕಿಂತ ಹಾವಿನದೇ ಚಿಂತೆ.

"ಡಚೆಸ್‌ಗೆ ನೀರು ಬದಲಾಯ್ಸೇ, ಮಾರ್ಲೀನ್. ಅಷ್ಟೇ ಕೆಲಸ. ಮಿಕ್ಕಿದ್ದೆಲ್ಲ ಕ್ಲೀನಾಗಿದೆ."

"ನಾನಾ? ಸತ್ರೂ ಆಗಲ್ಲ."

"ಬಾಯಾರಿ ಸಾಯ್ತಾಳೆ ಕಣೇ."

ಮಾರ್ಲೀನ್ ಮರುದಿನ ಮೂಗಿಗೆ ಪಾತ್ರೆ ಒರೆಸುವ ಟವೆಲ್ ಕಟ್ಟಿಕೊಂಡು ಆ ಬಾಗಿಲು ತೆರೆದಳು. ಟವೆಲ್ ಏನೂ ಪ್ರಯೋಜನಕ್ಕೆ ಬರಲಿಲ್ಲ. ಮೀನಿನ ಕರುಳಿನ ತೊಟ್ಟಿಯ ಪಕ್ಕದಲ್ಲೇ ಆಯಸ್ಸು ಸವೆಸಿದವಳಿಗೂ ಅಂಥ ನಾತ ಗೊತ್ತಿರಲಿಲ್ಲ. ಗಾಜಿನ ಒಳಮೈಯೆಲ್ಲ ಒಣಗಿದ ಹಿಕ್ಕೆಯ ಗೀರು. ಆ ಚೆಂದದ ಬಳ್ಳಿಯ ಅಡಿಯಲ್ಲಿ ಹಾವು ತಿನ್ನದೆ ಬಿಟ್ಟ ಇಲಿಯೊಂದು ಕೊಳೆತು ನೆಲಕ್ಕೆ ಅಂಟಿತ್ತು. ನೀರಿನ ಬಟ್ಟಲಿನ ತಳದಲ್ಲಿ ಕಾಳುಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು. ನೋಡುತ್ತಿದ್ದಂತೆ ಚುಕ್ಕೆಗಳು ಸರಿದಾಡಿದವು. ಒಂದೆರಡು ಆಗಲೇ ಅವಳ ಮಣಿಕಟ್ಟಿನ ಮೇಲಿದ್ದವು.

ಅವಳು ಮಹಡಿಯ ಮೆಟ್ಟಿಲ ಮೇಲೇ ಬಟ್ಟೆ ಕಿತ್ತೆಸೆದು, ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು. ಆಮೇಲೆ ಬಿಸಿನೀರಿನ ಕೆಳಗೆ ನಿಂತು ಗಂಡನನ್ನು ಬಾಯಿಗೆ ಬಂದಂತೆ ಬೈದಳು. ಹಾವನ್ನು ಬೈಯಬೇಕೆಂದು ಅವಳಿಗೆ ತೋಚಲಿಲ್ಲ. ಅದರ ಮೈಮೇಲೆ ಪೊರೆ ಚಿಂದಿಚಿಂದಿಯಾಗಿ ಒಣಗಿ ಹಿಡಿದಿತ್ತು. ಬೆನ್ನಿನ ಮೇಲೆ ದೀಪ ಸುಟ್ಟ ಗಾಯ. ಅಡಗಲು ತಾವಿಲ್ಲದೆ ಮೂಲೆಯಲ್ಲಿ ಉಂಡೆಯಾಗಿ, ತಲೆಯನ್ನು ಮೈಯೊಳಗೆ ಹುದುಗಿಸಿಕೊಂಡಿತ್ತು. ಅದನ್ನೂ ಅವಳು ನೋಡಿದ್ದಳು.

ಪಕ್ಕದ ಮನೆಯ ಹೇಝೆಲ್ ಕಾರ್ಖಾನೆಯಲ್ಲಿ ಅವಳ ಜತೆಯವಳು. ವಿಷಯ ಕೇಳಿ ಬಿದ್ದು ಬಿದ್ದು ನಕ್ಕಳು. "ದಿನಾ ಕರುಳು ಕೀಳೋಳು, ಒಂದು ಹಾವಿಗೆ ಹೆದರ್ತೀಯಲ್ಲೇ!"

"ಹೆದರಿಕೆ ಅಲ್ಲ ಕಣೇ, ಹೇಸಿಗೆ. ಅದು ಬೇರೆ, ಇದು ಬೇರೆ. ಬಾ, ಹಾವನ್ನ ಡಾಕ್ಟರ್ ಹತ್ರ ಒಯ್ಯೋಣ, ಈ ದಿಂಬಿನ ಚೀಲ ಹಿಡ್ಕೋ. ಡೆರಿಕ್‌ದೇ ಚೀಲ ತಂದಿದೀನಿ, ನಾಳೆ ಅದನ್ನ ಸುಟ್ಟುಹಾಕ್ತೀನಿ."

ಪಶುವೈದ್ಯೆ ಚೀಲ ಬಿಚ್ಚಿ ನೋಡಿ ತುಟಿ ಕಚ್ಚಿಕೊಂಡಳು. ಆ ಕಪ್ಪು ನುಸಿಗೆ ಔಷಧಿ ಕೊಟ್ಟಳು, ಗಾಯಕ್ಕೆ ಮುಲಾಮು ಕೊಟ್ಟಳು. "ಆ ಗಾಜಿನ ಪೆಟ್ಟಿಗೆ ಬಿಟ್ಬಿಡಿ, ಸಂದಿಸಂದೀಲೂ ನುಸಿ ಮೊಟ್ಟೆ ಇರುತ್ತೆ. ಮುಚ್ಚಳಕ್ಕೆ ಗಟ್ಟಿ ಕೊಂಡಿ ಇರೋ ಪ್ಲಾಸ್ಟಿಕ್ ಡಬ್ಬ ಸಾಕು."

"ಡಬ್ಬದಲ್ಲಾ? ಪಾಪ, ಜೈಲಲ್ಲಿಟ್ಟ ಹಾಗಾಗಲ್ವಾ?" ಎಂದಳು ಹೇಝೆಲ್.

"ಇವಕ್ಕೆ ಇಕ್ಕಟ್ಟು, ಕತ್ತಲೆ ಇದ್ರೇನೇ ನೆಮ್ಮದಿ. ಬಯಲಲ್ಲಿ ಇಟ್ರೆ ಹೆದರಿ ಊಟಾನೇ ಬಿಡ್ತಾವೆ."

ಭಾನುವಾರ ಇಬ್ಬರೂ ಹಿತ್ತಿಲಲ್ಲಿ ಕುಳಿತರು. ಹೊದಿಕೆ ತುಂಬಿಡುವಂಥ ದೊಡ್ಡ ಡಬ್ಬ. ಬೆಸುಗೆ ಹಾಕುವ ಬಿಸಿ ಕಡ್ಡಿಯಿಂದ ಮಾರ್ಲೀನ್ ಅದರ ಪಕ್ಕಗಳಿಗೆ ಸಾಲಾಗಿ ಗಾಳಿತೂತು ಕೊರೆದಳು. ಸುಟ್ಟ ಪ್ಲಾಸ್ಟಿಕ್ಕಿನ ಕಮಟಿಗೆ ಇಬ್ಬರೂ ಕೆಮ್ಮಿದರು. ತೂತಿನ ಅಂಚು ಹಾವಿನ ಮೈಗೆ ತರಚದಂತೆ ಒಂದೊಂದನ್ನೂ ಉಜ್ಜಿ ನಯ ಮಾಡಿದಳು. ಅರ್ಧ ಡಬ್ಬದ ಅಡಿಗೆ ಶಾಖದ ಹಾಸು, ಅದು ಮಿತಿಮೀರಿ ಕಾಯದಂತೆ ಥರ್ಮೋಸ್ಟಾಟ್. ಒಳಗೆ ಅಡುಗೆಮನೆಯ ಬಿಳಿ ಟಿಶ್ಯೂ ಹಾಸು, ಕೊಳಕಾದರೆ ತಕ್ಷಣ ಕಾಣಲೆಂದು. ಬೆಚ್ಚನೆ ಕಡೆಗೊಂದು, ತಣ್ಣನೆ ಕಡೆಗೊಂದು ಬೋರಲು ಹಾಕಿದ ಗೂಡು. ಮಗುಚಿಕೊಳ್ಳದ ಭಾರದ ನೀರಿನ ಬಟ್ಟಲು.

ಹಾವನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಪೊರೆ ಬಿಡಿಸುವಾಗ ಅದು ಅವಳ ತೋಳಿನ ಉದ್ದಕ್ಕೂ ಹೇತಿತು. ಸುಣ್ಣದ ಗಟ್ಟಿ, ಕಂದು ಲೋಳೆ. ಮಾರ್ಲೀನ್ ಕಣ್ಣು ಮುಚ್ಚಿದಳು.

"ಬಿಟ್ಬಿಡೇ, ನಾನು ಹಿಡ್ಕೋತೀನಿ."

"ಸುಮ್ನಿರೇ. ಬಾಯಿ ತೆಗೆದ್ರೆ ವಾಂತಿ ಬರುತ್ತೆ."

ಕಣ್ಣಿನ ಮೇಲಿನ ಪೊರೆಯ ತುಣುಕೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬಂತು. ಡಬ್ಬಕ್ಕೆ ಬಿಟ್ಟಾಗ ಡಚೆಸ್ ಟಿಶ್ಯೂ ಮೇಲೆ ಸರಸರ ಹರಿದು ಬೆಚ್ಚನೆ ಗೂಡು ಹೊಕ್ಕಿತು. ಆಮೇಲೆ ಹೊರಗೆ ಕಂಡದ್ದು ಮೂಗಿನ ತುದಿ ಮಾತ್ರ.

ಡೆರಿಕ್ ಊರುಗೋಲು ಹಿಡಿದು ಮನೆಗೆ ಬರುವ ಹೊತ್ತಿಗೆ ನುಸಿ ಹೋಗಿತ್ತು, ಗಾಯ ಒಣಗಿತ್ತು. ಹಾವು ಇಲಿ ತಿಂದಿತ್ತು. ಮಾರ್ಲೀನ್ ಉದ್ದ ಚಿಮಟದಲ್ಲಿ ಹಿಡಿದು, ಮುಖ ಆಚೆ ತಿರುಗಿಸಿ ಕೊಟ್ಟಿದ್ದಳು. ಮುಂದಿನ ಪೊರೆ ಕಾಲುಚೀಲದಂತೆ ಇಡಿಯಾಗಿ ಕಳಚಿತ್ತು, ಕಣ್ಣಿನದೂ ಸೇರಿ.

"ನನ್ನ ಗಾಜಿನ ಪೆಟ್ಟಿಗೆ ಎಲ್ಲಿ?" ಎಂದ ಡೆರಿಕ್.

"ಕಸಕ್ಕೆ ಹೋಯ್ತು."

"ಡಬ್ಬದಲ್ಲಿ ಅವಳು ಕಾಣೋದೇ ಇಲ್ವಲ್ಲೇ! ಬಂದೋರಿಗೆ ಏನು ತೋರಿಸ್ಲಿ?"

"ನಿನ್ನ ಮುರಿದ ಸೊಂಟ ತೋರ್ಸು." ಮಾರ್ಲೀನ್ ಅವನ ಕಡೆ ತಿರುಗಿದಳು. "ಕ್ಲೀನಾಗಿದೆ ಅಂದ್ಯಲ್ಲ ಡೆರಿಕ್. ನಾನು ಅಲ್ಲೇನು ನೋಡ್ದೆ ಗೊತ್ತಾ? ಹಾವು ನೋಡಿ ನನಗೆ ಇವತ್ತಿಗೂ ವಾಕರಿಕೆ ಬರುತ್ತೆ. ಆದ್ರೆ ಅದರ ಕೊಳೆ ಅದರದ್ದಲ್ಲ, ನಿನ್ನದು. ಇನ್ಮೇಲೆ ಆ ಬಾಗಿಲು ನೀನು ಮುಟ್ಟಕೂಡದು."

ಅವನು ಸೋಫಾದ ಮೇಲೆ ಕುಳಿತು, "ದಿನಾ ನೋಡ್ತಾ ಇದ್ದೆ, ನಾತಾನೇ ಗೊತ್ತಾಗ್ಲಿಲ್ಲ ಮಾರ್ಲೀನ್" ಎಂದ. ಅವನ ದಿಂಬು ಬಹಳ ದಿನ ಕೆಳಗಿನ ಸೋಫಾದ ಮೇಲೇ ಇತ್ತು, ಅದೂ ಚೀಲವಿಲ್ಲದೆ.

ಭಾನುವಾರಗಳಂದು ಮಾರ್ಲೀನ್ ಈಗಲೂ ಕೈಗವಸು ತೊಟ್ಟು, ಶಾಪ ಹಾಕುತ್ತ, ಟಿಶ್ಯೂ ಬದಲಾಯಿಸುತ್ತಾಳೆ. ಒಮ್ಮೆ ಹೇಝೆಲ್ ಬಾಗಿಲಲ್ಲಿ ನಿಂತು, "ಒಪ್ಕೊಳ್ಳೇ, ಪ್ರೀತಿ ಹುಟ್ಟಿದೆ ನಿಂಗೆ" ಎಂದು ಕೆಣಕಿದಳು.

"ಪ್ರೀತೀನಾ? ಥೂ!" ಮಾರ್ಲೀನ್ ಹಾವನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಿದ್ದಳು, ಮೈಯಿಂದ ಆದಷ್ಟು ದೂರಕ್ಕೆ. "ಮುಚ್ಚಳ ತೆಗಿ ಬೇಗ. ಇದಕ್ಕೆ ಚಳಿ ಆಗುತ್ತೆ."